ಏಳನೆಯ ಫಾರಂನ ಹುಡುಗಿ

ಬೈಂಡಿಂಗ್ ಮನೆಯಲ್ಲಿ ಆ ಹುಡುಗಿಯನ್ನು ಹೆಸರು ಹಿಡಿದು ಕೂಗಿದವರು ಯಾರೂ ಇಲ್ಲ. ಏಳನೆಯವಳು ಎಂದರೆ ಅವಳೇ. ಅವಳ ಪಕ್ಕದಲ್ಲಿ ಕೂರುತ್ತಿದ್ದ ಎಂಟನೆಯವಳು ಅವಳ ಅಣ್ಣನ ಹೆಂಡತಿ. ಇನ್ನೊಂದು ಪಕ್ಕದ ಆರನೆಯವಳು ವಯಸ್ಸಾದಾಕೆ, ಕೆಮ್ಮುವುದಕ್ಕೆ ಮತ್ತು ಬೈಯುವುದಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದಳು. ಹೀಗೆ ಉದ್ದನೆಯ ಮೇಜಿನ ಸುತ್ತ ಹೆಂಗಸರು, ಒಬ್ಬೊಬ್ಬರಿಗೆ ಒಂದೊಂದು ಫಾರಂ.

ಫಾರಂ ಎಂದರೆ ಒಂದು ದೊಡ್ಡ ಹಾಳೆ. ಪ್ರೆಸ್ಸಿನಿಂದ ಬರುವಾಗ ಅದರ ಎರಡೂ ಮೈಮೇಲೆ ಸೇರಿ ಹದಿನಾರು ಪುಟ ಅಚ್ಚಾಗಿರುತ್ತದೆ, ಅರ್ಧ ನೆಟ್ಟಗೆ, ಅರ್ಧ ತಲೆಕೆಳಗೆ. ಅದನ್ನು ಮೂರು ಸಲ ಮಡಿಸಿ, ಮಡಿಕೆಯ ಮೇಲೆ ಮರದ ಪಟ್ಟಿಯಿಂದ ತೀಡಿದರೆ ಪುಟಗಳು ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಎಲ್ಲರದೂ ಮಡಿಸಿ ಮುಗಿದ ಮೇಲೆ ಜೋಡಣೆ. ಮೊದಲನೆಯವಳು ತನ್ನದೊಂದನ್ನು ಇಟ್ಟು ಪಕ್ಕಕ್ಕೆ ತಳ್ಳುತ್ತಾಳೆ, ಎರಡನೆಯವಳು ಅದಕ್ಕೆ ತನ್ನದನ್ನು ಸೇರಿಸಿ ತಳ್ಳುತ್ತಾಳೆ, ಮೇಜು ಸುತ್ತಿ ಬರುವಷ್ಟರಲ್ಲಿ ಒಂದು ಪುಸ್ತಕ. ಆಮೇಲೆ ಅದು ಹೊಲಿಗೆಗೆ, ಅಲ್ಲಿಂದ ಒಳಗಿನ ಅಂಟಿನ ಕೋಣೆಗೆ, ಅಲ್ಲಿಂದ ರಟ್ಟು ಹೊದ್ದುಕೊಂಡು ಅಂಗಡಿಗೆ. ಮಡಿಸಿದವರು ಮತ್ತೆ ಅದರ ಮುಖ ನೋಡುವುದಿಲ್ಲ. ಒಂದು ಹಾಳೆಯೂ ಬಾಗಿಲು ದಾಟಿ ಮನೆಗೆ ಹೋಗಕೂಡದು ಎಂದು ಮೇಸ್ತ್ರಿಯ ಕಟ್ಟಪ್ಪಣೆ.

ಆ ಮೇಜಿನಲ್ಲಿ ಓದು ಬಲ್ಲವರು ಇನ್ನೂ ಒಂದಿಬ್ಬರಿದ್ದರು. ಆದರೆ ಮಡಿಸುವ ಹಾಳೆಯನ್ನು ಓದುವ ಹುಚ್ಚು ಇದ್ದದ್ದು ಇವಳೊಬ್ಬಳಿಗೇ. ಅಪ್ಪ ತೀರಿಕೊಂಡ ವರ್ಷ ಶಾಲೆ ಬಿಟ್ಟವಳು. ಬಿಟ್ಟಾಗ ಅಳಲಿಲ್ಲ. ಇಲ್ಲಿಗೆ ಬಂದ ಮೊದಲ ದಿನ ಆಳೆತ್ತರದ ಹಾಳೆಯ ರಾಶಿ ಕಂಡು ಅತ್ತುಬಿಟ್ಟಳು. ಒಂದೇ ಹಾಳೆ ಬೆಳಗಿನಿಂದ ಸಂಜೆಯವರೆಗೆ ಕೈಯಲ್ಲಿ ಹಾದುಹೋಗುತ್ತದೆ. ಒಂದು ಹಾಳೆಗೆ ಒಂದು ಸಾಲು ಎಂದುಕೊಂಡರೂ ಕೆಲಸ ಬಿಡುವ ಹೊತ್ತಿಗೆ ಹದಿನಾರು ಪುಟ ಬಾಯಿಪಾಠ. ತಲೆಕೆಳಗಾದ ಅಕ್ಷರ ಓದುವುದರಲ್ಲಿ ಅವಳದು ಎತ್ತಿದ ಕೈ. ಮಡಿಸಿದ ಮೇಲೆ ಕೆಲವು ಪುಟ ಒಳಗೆ ಸೇರಿಕೊಂಡುಬಿಡುತ್ತವೆ, ಅಂಚು ಇನ್ನೂ ಕತ್ತರಿಸಿರುವುದಿಲ್ಲವಲ್ಲ. ಅವನ್ನು ಬೆರಳಿನಿಂದ ಅಗಲಿಸಿ, ಡಬ್ಬಿಯೊಳಗೆ ಇಣುಕುವ ಹಾಗೆ ಇಣುಕಿ ಓದುತ್ತಿದ್ದಳು.

"ಏನೇ, ಒಳಗೆ ಯಾರಾದ್ರೂ ಇದಾರಾ?" ಎಂದು ಎದುರಿನವರು ನಗುತ್ತಿದ್ದರು.

"ಇದ್ರೆ ಕರೀ, ನಾಲ್ಕು ಹಾಳೆ ಮಡಿಸಿಕೊಟ್ಟು ಹೋಗ್ಲಿ," ಎಂದು ಅತ್ತಿಗೆ ಸೇರಿಸುತ್ತಿದ್ದಳು.

ಕೈ ನಿಲ್ಲುತ್ತಿರಲಿಲ್ಲವಾದ್ದರಿಂದ ಮೇಸ್ತ್ರಿ ಕಂಡೂ ಕಾಣದ ಹಾಗಿದ್ದ.

ಹೀಗಾಗಿ ಆ ಊರಿನಲ್ಲಿ ಅಚ್ಚಾದ ಪುಸ್ತಕಗಳಲ್ಲಿ ಅವಳು ಓದದ್ದು ಕಡಿಮೆ, ಪೂರ್ತಿ ಓದಿದ್ದು ಒಂದೂ ಇಲ್ಲ. ಎಲ್ಲದರದೂ ಏಳನೆಯ ಫಾರಂ. ಕಥೆ ಪುಸ್ತಕವಾದರೆ ಆ ಹೊತ್ತಿಗೆ ಯಾವಳೋ ಒಬ್ಬಳು ಬಾಗಿಲ ಹಿಂದೆ ನಿಂತು ಅಳುತ್ತಿರುತ್ತಾಳೆ. ಅಳಿಸಿದವರು ಯಾರು, ಕಣ್ಣೀರು ಒರೆಸಿದವರು ಯಾರು, ದೇವರಿಗೇ ಗೊತ್ತು. ವೈದ್ಯದ ಪುಸ್ತಕವಾದರೆ ಮೊಣಕಾಲಿನಿಂದ ಶುರುವಾಗಿ ಪಿತ್ತಕೋಶದಲ್ಲಿ ನಿಲ್ಲುತ್ತದೆ.

ಮನೆಯಲ್ಲಿ ಇದರಿಂದ ಒಂದು ರೂಢಿ ಬೆಳೆದಿತ್ತು. ಅವಳ ತಾಯಿಗೆ ಉಸಿರಾಟದ ತೊಂದರೆ, ಮಂಚ ಹಿಡಿದು ಬಹಳ ಕಾಲವಾಗಿತ್ತು. ಮನೆ ಎಂದರೆ ಒಂದೇ ಕೋಣೆ. ಗೋಡೆಗೆ ಒತ್ತಿಕೊಂಡು ತಾಯಿಯ ಮಂಚ, ಅದರ ಕೆಳಗೆ ಮಗಳ ಹಾಸಿಗೆ, ನಡುವೆ ಹಗ್ಗಕ್ಕೆ ಹಳೆಯ ಪರದೆ, ಪರದೆಯ ಆಚೆ ಅಣ್ಣ ಅತ್ತಿಗೆ, ಈ ಮೂಲೆಯಲ್ಲಿ ಒಲೆ. ಸಂಜೆ ಮಗಳು ಕಾಲು ತೊಳೆದು ಬರುತ್ತಲೇ ತಾಯಿ ಕೇಳುತ್ತಿದ್ದಳು:

"ಇವತ್ತು ಏನು ಬಂತೇ?"

ಮಗಳು ಆ ದಿನದ ಹದಿನಾರು ಪುಟ ಹೇಳುವಳು. ತಾಯಿ ಕಣ್ಣು ಮುಚ್ಚಿ ಕೇಳಿ, ಅದರ ಮುಂದಿನದನ್ನೂ ಹಿಂದಿನದನ್ನೂ ತಾನೇ ಹೊಸೆಯುವಳು. ಬಾಗಿಲ ಹಿಂದೆ ಅಳುವವಳಿಗೆ ಒಬ್ಬ ಕುಡುಕ ಮಾವನನ್ನೂ ದೂರದಲ್ಲಿ ಒಬ್ಬ ಒಳ್ಳೆಯ ತಮ್ಮನನ್ನೂ ಕೊಡುವಳು. ತಮ್ಮ ಬಂದು ಕರೆದುಕೊಂಡು ಹೋಗುವನು. "ಇಷ್ಟು ಮಾಡಕ್ಕೆ ಆ ಬರೆದವನಿಗೆ ಇನ್ನೂರು ಪುಟ ಬೇಕಾ?" ಎಂದು ಮೂಗು ಮುರಿಯುವಳು. ಪರದೆಯ ಆಚೆಯಿಂದ ಅಣ್ಣ, "ಆ ತಮ್ಮನಿಗೂ ಒಂದು ಒಂಟಿ ಕೋಣೆ ಮನೆ ಇದೆಯಾ ಕೇಳಮ್ಮ, ಅಕ್ಕನ್ನ ಎಲ್ಲಿ ಮಲಗಿಸ್ತಾನಂತೆ?" ಎನ್ನುವನು. ಅವನು ಸರಕಿನ ಗಾಡಿ ಓಡಿಸುತ್ತಿದ್ದ. ಜಾಗದ ಲೆಕ್ಕ ಅವನ ತಲೆಯಿಂದ ಇಳಿಯುತ್ತಲೇ ಇರಲಿಲ್ಲ.

ಆ ಒಂದು ಗಂಟೆ ಬಿಟ್ಟರೆ ಮಿಕ್ಕದ್ದೆಲ್ಲ ದಣಿವೇ. ರಾತ್ರಿ ತಾಯಿಗೆ ಉಸಿರು ಕಟ್ಟಿದಾಗ ಎದ್ದು, ಕಂಕುಳಿಗೆ ಕೈಕೊಟ್ಟು ಎತ್ತಿ ಕೂರಿಸಿ, ಬೆನ್ನಿಗೆ ದಿಂಬು ಇಟ್ಟು, ಉಸಿರು ಸರಿಹೋಗುವವರೆಗೆ ಹಿಡಿದುಕೊಂಡಿರಬೇಕು. ಬೆಳಗ್ಗೆ ನೀರು, ಒಲೆ, ತಾಯಿಯ ಬಟ್ಟೆ. ಅತ್ತಿಗೆಗೆ ಸೊಂಟದ ನೋವು, ಬಗ್ಗಲಾರಳು. ಹುಡುಗಿಗೆ ಇಪ್ಪತ್ತು ತುಂಬಿರಲಿಲ್ಲ, ಅಷ್ಟರಲ್ಲೇ ನಡಿಗೆಯಲ್ಲಿ ಒಂದು ಎಳೆತ ಬಂದಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕೂತಲ್ಲೇ ತೂಕಡಿಸುತ್ತಿದ್ದಳು. ಸುಸ್ತು ಮೈಯದ್ದೋ ಮತ್ತೆ ಯಾವುದರದ್ದೋ ಅವಳಿಗೇ ತಿಳಿಯುತ್ತಿರಲಿಲ್ಲ. ಕೆಲಸವಿಲ್ಲದ ದಿನ ಹಗಲೆಲ್ಲ ಮಲಗಿದರೂ ಅದು ಇಳಿಯುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಆ ಪುಸ್ತಕ ಬಂತು. ಮನಸ್ಸಿನ ಶಾಂತಿಯ ವಿಚಾರ. ಬೇರೆ ಹೆಂಗಸರು ಅದನ್ನು ಹಾಳೆಯ ದಪ್ಪದಿಂದ ಗುರುತಿಸಿದರು: "ದರಿದ್ರದ್ದು, ಮಡಿಕೆ ನಿಲ್ಲಲ್ಲ." ಹುಡುಗಿ ಮಾತ್ರ ಮೊದಲ ಹಾಳೆ ಮಡಿಸುವಾಗಲೇ ಕೈ ತಡೆದಳು. ತಲೆಕೆಳಗಾದ ಒಂದು ಸಾಲು ಕಣ್ಣಿಗೆ ಬಿದ್ದಿತ್ತು: 'ನಿದ್ದೆಯಿಂದ ಇಳಿಯದ ದಣಿವೊಂದಿದೆ. ಅದು ದುಡಿದದ್ದರಿಂದ ಬಂದದ್ದಲ್ಲ. ದಿನವಿಡೀ ನಾವು ನಮ್ಮೊಡನೆಯೇ ಜಗಳವಾಡಿದ್ದರಿಂದ ಬಂದದ್ದು.'

ಯಾರೋ ತನ್ನ ಮನೆಯ ಕಿಟಕಿಯಿಂದ ಇಣುಕಿ ಬರೆದ ಹಾಗೆ ಅನ್ನಿಸಿತು. ಆ ದಿನ ಅವಳ ಕೈ ನಿಧಾನವಾಯಿತು. ಹಾಳೆ ಹಾಳೆಗೂ ಅದೇ ಸಾಲು ಎದ್ದುಬರುತ್ತಿತ್ತು. ಫಾರಂನ ಕೊನೆಯ ಪುಟದ ಕೊನೆಯ ಸಾಲಿಗೆ ಬಂದಾಗ ಹೀಗಿತ್ತು: 'ಆದ್ದರಿಂದ ಮನಸ್ಸು ಒಮ್ಮೆ ನಿಲ್ಲಬೇಕೆಂದು ಬಯಸುವವನು ಎಲ್ಲಕ್ಕಿಂತ ಮೊದಲು'. ಅಷ್ಟೇ. ಹಾಳೆ ಮುಗಿಯಿತು. ಮುಂದಿನದು ಎಂಟನೆಯ ಫಾರಂ.

ಎಂದಿನ ಹಾಗಿದ್ದರೆ ಮುಂದಿನ ಒಂದೆರಡು ಸಾಲಿಗೆ ಪಕ್ಕದ ಅತ್ತಿಗೆಯ ರಾಶಿಯತ್ತ ಕತ್ತು ಚಾಚಿದರೆ ಸಾಕಿತ್ತು. ಆದರೆ ಈ ಸಲ ಎಂಟನೆಯದು ಬಂದಿರಲಿಲ್ಲ. ಪ್ರೆಸ್ಸಿನಲ್ಲಿ ಮಸಿ ಮೆತ್ತಿಕೊಂಡು ಅಷ್ಟೂ ಹಾಳೆ ಹಾಳಾಗಿತ್ತು, ಮತ್ತೆ ಅಚ್ಚುಮಾಡಿ ಕಳಿಸುತ್ತಾರೆ ಎಂದು ಮೇಸ್ತ್ರಿ ಹೇಳಿದ. ಅತ್ತಿಗೆಗೆ ಅಷ್ಟು ದಿನ ಬೇರೆ ಕೆಲಸ ಕೊಟ್ಟ.

ಸಂಜೆ ತಾಯಿ ಕೇಳಿದಾಗ ಹುಡುಗಿ ಆ ಅರ್ಧ ವಾಕ್ಯವನ್ನೇ ಹೇಳಿದಳು.

"ಎಲ್ಲಕ್ಕಿಂತ ಮೊದಲು... ಹೊಟ್ಟೆ ತಣ್ಣಗಿರಬೇಕು," ಎಂದಳು ತಾಯಿ, ಯೋಚಿಸದೆ.

"ಎಲ್ಲಕ್ಕಿಂತ ಮೊದಲು ಮದುವೆ ಆಗದೆ ಇರಬೇಕು," ಎಂದ ಅಣ್ಣ ಪರದೆಯ ಆಚೆಯಿಂದ.

"ಇವರ ಗೊರಕೆ ನಿಲ್ಲಬೇಕು," ಎಂದಳು ಅತ್ತಿಗೆ. "ಆಮೇಲೆ ಮನಸ್ಸು ನಿಲ್ಲೋದು ನೋಡೋಣ."

ಎಲ್ಲರೂ ನಕ್ಕರು, ಹುಡುಗಿಯೂ ನಕ್ಕಳು. ಆದರೆ ಆ ಅರ್ಧ ವಾಕ್ಯ ಅವಳನ್ನು ಬಿಡಲಿಲ್ಲ. ನೀರು ಹೊರುವಾಗ ಅದೇ, ತಾಯಿಯ ಬೆನ್ನು ನೀವುವಾಗ ಅದೇ. ಏನೋ ಒಂದಿದೆ, ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು. ಅದೊಂದು ಗೊತ್ತಾದರೆ ಮಿಕ್ಕದ್ದು ಹೇಗೋ ಆಗುತ್ತದೆ. ಬರೆದವರಿಗೆ ತನ್ನ ಸುಸ್ತು ಗೊತ್ತಿದ್ದ ಮೇಲೆ ಅದರ ಮದ್ದೂ ಗೊತ್ತಿರಲೇಬೇಕು. ಇಷ್ಟು ವರ್ಷ ಓದಿದ ಯಾವ ಪುಸ್ತಕದ ಮುಂದಿನ ಹಾಳೆಗೂ ಅವಳು ಹೀಗೆ ಕಾದಿರಲಿಲ್ಲ. ಆ ಕಾಯುವುದರಲ್ಲೇ ಕಾಲಿಗೆ ಸ್ವಲ್ಪ ಕಸುವು ಬಂದಿತ್ತು ಎಂದರೂ ತಪ್ಪಿಲ್ಲ.

ಎಂಟನೆಯ ಫಾರಂ ಬಂದದ್ದು ಜೋಡಣೆಯ ದಿನವೇ. ಬರೆದವರು ಅವಸರ ಮಾಡುತ್ತಿದ್ದಾರೆಂದು ಮೇಸ್ತ್ರಿ ಮೂವರನ್ನು ಕೂರಿಸಿ ಬೆಳಗ್ಗೆಯೇ ಗೋಡೆ ಕಡೆಯ ಮೇಜಿನಲ್ಲಿ ಅದನ್ನು ಮಡಿಸಿ ಮುಗಿಸಿದ. ಊಟವಾದದ್ದೇ ಜೋಡಣೆ ಶುರು. ಜೋಡಣೆ ಎಂದರೆ ಉಸಿರುಬಿಡಲು ಬಿಡುವಿಲ್ಲ, ಎತ್ತು, ಇಡು, ತಳ್ಳು. ಪಕ್ಕದವಳ ರಾಶಿಯಿಂದ ಒಂದನ್ನು ಎತ್ತಿ ನೋಡುತ್ತ ಕೂತರೆ ಮೇಜೆಲ್ಲ ನಿಂತುಹೋಗುತ್ತದೆ. ತನ್ನ ಕೈಯಲ್ಲಿ ಹಾದುಹೋಗುವುದನ್ನು ಮಾತ್ರ ಓದಬಹುದು, ಒಂದಕ್ಕೆ ಒಂದು ಸಾಲು. ಸಂಜೆಯೊಳಗೆ ಅಷ್ಟೂ ಒಳಗಿನ ಕೋಣೆಗೆ ಹೋಗಿಬಿಡುತ್ತದೆ.

"ಅತ್ತಿಗೆ, ನಿಮ್ಮ ರಾಶಿ ನನಗೆ ಕೊಡಿ, ನನ್ನದು ನೀವು ತಗೊಳ್ಳಿ," ಎಂದಳು ಹುಡುಗಿ ಮೆಲ್ಲಗೆ.

"ಜಾಗ ಬದಲಾಯಿಸೋಣ ಅಂದ್ರೆ ನನ್ನ ಕೈಲಾಗಲ್ಲ ತಾಯಿ. ಒರಗೋ ಈ ಕಂಬ ಬಿಟ್ರೆ ನನ್ನ ಸೊಂಟ ನನ್ನದಲ್ಲ."

"ಜಾಗ ಬೇಡ. ನನಗೂ ಕಿಟಕಿ ಬೆಳಕು ಬೇಕು. ರಾಶಿ ಮಾತ್ರ."

ಅತ್ತಿಗೆಗೆ ಅಕ್ಷರ ಬರುತ್ತಿರಲಿಲ್ಲ, ಆದರೂ ಏನೋ ಅನುಮಾನವಾಯಿತು. "ಏನೂ ಆಗಲ್ಲ ತಾನೇ?"

"ಏನಾಗುತ್ತೆ? ಎರಡೂ ಇದೇ ಪುಸ್ತಕದ್ದೇ ಅಲ್ವಾ," ಎಂದಳು ಹುಡುಗಿ. ಅವಳ ಕಣ್ಣು ಆಗಲೇ ಆ ರಾಶಿಯ ಮೇಲಿತ್ತು.

ಆ ಮಧ್ಯಾಹ್ನವೆಲ್ಲ ಏಳನೆಯ ಜಾಗದಲ್ಲಿ ಕೂತವಳು ಎಂಟನೆಯದನ್ನು ಇಟ್ಟು ತಳ್ಳಿದಳು, ಎಂಟನೆಯ ಜಾಗದವಳು ಅದರ ಮೇಲೆ ಏಳನೆಯದನ್ನು ಇಟ್ಟು ತಳ್ಳಿದಳು. ಇಬ್ಬರ ಕೈಗೂ ಎಂದಿನದೇ ಕೆಲಸ, ಎಂದಿನದೇ ಓಟ. ಆ ಓಟದಲ್ಲಿ ಯಾರಿಗೂ ಏನೂ ಹೊಳೆಯಲಿಲ್ಲ.

ಮೊದಲ ಪುಸ್ತಕಕ್ಕೇ ಅವಳು ವಾಕ್ಯದ ಮಿಕ್ಕ ಅರ್ಧ ಓದಿದ್ದಳು: 'ತನ್ನ ಮನೆಯಲ್ಲಿ ಒಂದು ಪ್ರತ್ಯೇಕ ಕೋಣೆಯನ್ನು ಇದಕ್ಕಾಗಿ ಖಾಲಿ ಮಾಡಿಸಿಕೊಳ್ಳಬೇಕು. ಅಲ್ಲಿಗೆ ಬೇರೆ ಯಾರೂ ಬರದಂತೆ, ಹೊರಗಿನ ಸದ್ದು ಕೇಳದಂತೆ ನೋಡಿಕೊಳ್ಳಬೇಕು.'

ಅವಳು ಎರಡನೆಯದನ್ನೂ ಓದಿದಳು, ಅಲ್ಲಿ ಬೇರೆ ಏನಾದರೂ ಇರಬಹುದೆಂಬಂತೆ. ಅದೇ ಇತ್ತು. ಮುಂದಿನ ಪುಟಗಳಲ್ಲಿ ಕೋಣೆಯ ಕಿಟಕಿ ಯಾವ ಕಡೆಗಿರಬೇಕು, ನೆಲಕ್ಕೆ ಏನು ಹಾಸಬೇಕು, ಬೆಳಗ್ಗೆ ಮನೆಯವರೆಲ್ಲ ಮಲಗಿರುವಾಗ ಅಲ್ಲಿ ಹೇಗೆ ಕೂರಬೇಕು. ಹುಡುಗಿಯ ಮೈಯಿಂದ ಯಾರೋ ಏನನ್ನೋ ಎಳೆದುಕೊಂಡ ಹಾಗಾಯಿತು. ಸಿಟ್ಟೂ ಬರಲಿಲ್ಲ. ಸಿಟ್ಟಿಗೂ ಒಂದು ತ್ರಾಣ ಬೇಕಲ್ಲ.

ಸಂಜೆ ದಾರಿಯಲ್ಲಿ ಅತ್ತಿಗೆ ಕೇಳಿದಳು, "ಸಿಕ್ತಾ ನಿನ್ನ ಗಂಟು? ಎಲ್ಲಕ್ಕಿಂತ ಮೊದಲು ಏನಂತೆ?"

"ಬೇರೆ ಕೋಣೆ ಬೇಕಂತೆ."

ಅತ್ತಿಗೆ ನಡುರಸ್ತೆಯಲ್ಲಿ ನಿಂತುಬಿಟ್ಟಳು. "ಇದಕ್ಕೆ ಪುಸ್ತಕ ಬರೆದ್ರಾ? ಮದುವೆಯಾಗಿ ಬಂದ ದಿನದಿಂದ ನಿಮ್ಮಣ್ಣನಿಗೆ ನಾನು ಹೇಳ್ತಿರೋದು ಇನ್ನೇನು?" ಎಂದು ಸೊಂಟ ಹಿಡಿದುಕೊಂಡು ನಗತೊಡಗಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ನಿನ್ನ ಮುಖ ನೋಡು, ಸತ್ತವರ ಮನೆಯಿಂದ ಬಂದ ಹಾಗೆ," ಎಂದಳು.

ಪುಸ್ತಕ ಹೊಲಿಗೆಯಾಗಿ, ಅಂಟು ಬಳಿದು, ಅಂಚು ಕತ್ತರಿಸಿ, ರಟ್ಟು ಹಾಕಿಸಿಕೊಂಡು ಹೋಯಿತು. ಜೋಡಿಸಿದ್ದನ್ನು ಮೇಸ್ತ್ರಿ ಒಂದೊಂದು ಕಟ್ಟಿನಿಂದ ಒಂದನ್ನು ಎಳೆದು ನೋಡುವುದು ವಾಡಿಕೆ. ಅವಸರದಲ್ಲಿ ಆ ಸಲ ಅದೂ ಆಗಿರಲಿಲ್ಲ. ವಾರ ಕಳೆಯುವುದರೊಳಗೆ ಒಂದು ಬೆಳಗ್ಗೆ ಬರೆದವರೇ ಬಂದು ಬಾಗಿಲಲ್ಲಿ ನಿಂತರು. ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೊಣಕೈ ಸವೆದ ಕೋಟು, ಕಣ್ಣಿನ ಕೆಳಗೆ ಚೀಲದಂಥ ಊತ. ಕೈಯಲ್ಲಿ ಪುಸ್ತಕ, ಹಿಂದೆ ಗಾಡಿಯಲ್ಲಿ ವಾಪಸು ತಂದ ಪುಸ್ತಕದ ಕಟ್ಟುಗಳು. ಕೂಗಾಡಲಿಲ್ಲ. ಪುಟ ತೆರೆದು ಮೇಸ್ತ್ರಿಯ ಮುಂದೆ ಇಟ್ಟು, ಹಾಳೆಯ ಕಟ್ಟಿನ ಮೇಲೆ ಕೂತುಬಿಟ್ಟರು.

ಮೇಸ್ತ್ರಿ ಪುಟ ತಿರುವಿದ. ಅವನ ಕಿವಿ ಕೆಂಪಗಾಗುತ್ತ ಬಂತು.

"ಏಳನೆಯವಳು, ಎಂಟನೆಯವಳು, ಇಬ್ಬರೂ ಏಳಿ ಮೇಲೆ."

ಇಬ್ಬರೂ ಎದ್ದು ನಿಂತರು.

"ಆರು ಆದಮೇಲೆ ಎಂಟು, ಆಮೇಲೆ ಏಳು. ಒಂದಲ್ಲ ಎರಡಲ್ಲ, ಮಧ್ಯಾಹ್ನದ ಮಾಲು ಅಷ್ಟೂ ಹೀಗೆ! ಏನು ನಿದ್ದೆ ಮಾಡ್ತಿದ್ರಾ?"

"ಅವಳು ಓದ್ತಿದ್ದಳು, ನಾನು ನಿದ್ದೆ ಮಾಡ್ತಿದ್ದೆ ಅಂತ ಬರ್ಕೊಳ್ಳಿ," ಎಂದಳು ಅತ್ತಿಗೆ. ಗಾಬರಿಯಾದಾಗ ಅವಳ ಬಾಯಿ ಹೀಗೇ ಜಾರುತ್ತಿತ್ತು.

"ರಾಶಿ ಬದಲಾಯಿಸಿಕೊಳ್ಳೋಣ ಅಂದಿದ್ದು ನಾನು," ಎಂದಳು ಹುಡುಗಿ. "ಅತ್ತಿಗೆ ಕೇಳಿದ್ರು, ಏನೂ ಆಗಲ್ವಾ ಅಂತ. ಆಗಲ್ಲ ಅಂದೆ."

"ಯಾಕೆ ಬದಲಾಯಿಸಿಕೊಂಡೆ?"

"ಮುಂದೆ ಏನಿದೆ ಓದಬೇಕಿತ್ತು."

ಮೇಜಿನ ಸುತ್ತ ಒಂದು ಗುಜುಗುಜು ಹಬ್ಬಿತು. ಅಷ್ಟೂ ಪುಸ್ತಕದ ಬೆನ್ನು ಕಿತ್ತು, ದಾರ ಕತ್ತರಿಸಿ, ಮತ್ತೆ ಜೋಡಿಸಿ ಹೊಲಿಯಬೇಕು. ಮಾಡಿದ ಕೆಲಸವನ್ನೇ ಬಿಚ್ಚಿ ಮಾಡುವುದಕ್ಕಿಂತ ಬೇಸರದ್ದು ಇನ್ನೊಂದಿಲ್ಲ. ಆರನೆಯವಳು ಕೆಮ್ಮು ಮುಗಿಸಿ, "ಮುಂದೆ ಏನಿದೆ ನಾನು ಹೇಳ್ತಿದ್ನಲ್ಲೇ, ನಮ್ಮೆಲ್ಲರ ಗ್ರಹಚಾರ ಇದೆ," ಎಂದಳು.

ಹಾಳೆಯ ಕಟ್ಟಿನ ಮೇಲಿಂದ ಗುಮಾಸ್ತರು ತಲೆಯೆತ್ತಿದರು. "ಇದನ್ನ ಓದಬೇಕು ಅನ್ನಿಸ್ತಾ?" ಎಂದು ಕೇಳಿದರು. ಬೇರೆ ಯಾವುದೂ ಅವರಿಗೆ ಕೇಳಿಸಿದಂತಿರಲಿಲ್ಲ.

ಬಿಚ್ಚುವ ಕೆಲಸ ಅಂದೇ ಶುರುವಾಯಿತು. ಮೊದಲ ಕಟ್ಟು ಹುಡುಗಿಯ ಪಾಲಿಗೇ ಬಂತು. ಗೋಡೆಯ ಹತ್ತಿರ ನೆಲದ ಮೇಲೆ ಕೂತು, ಬೆನ್ನಿಗೆ ಒದ್ದೆ ಬಟ್ಟೆ ಹಚ್ಚಿ ಅಂಟು ನೆನೆಸಿ ಸುಲಿಯುತ್ತಿದ್ದಳು. ಗುಮಾಸ್ತರು ಹೋಗಲಿಲ್ಲ. ಅವರನ್ನು ಮನೆಯಲ್ಲಿ ಯಾರೂ ಕಾಯುತ್ತಿರಲಿಲ್ಲವೋ, ಅಥವಾ ಮನೆಗೆ ಹೋಗಲು ಮನಸ್ಸಿರಲಿಲ್ಲವೋ. ಕೋಟಿನ ತೋಳು ಮಡಿಸಿ, ಪಕ್ಕದಲ್ಲೇ ಕೂತು, ಅವಳು ಸುಲಿದು ಕೊಟ್ಟದ್ದರಿಂದ ದಾರ ಎಳೆಯತೊಡಗಿದರು.

"ಎಲ್ಲಿಂದ ಓದಿದೆ?"

"ಏಳನೇ ಫಾರಂ ಸರ್. ನನ್ನದು ಅದೊಂದೇ. ಆಮೇಲೆ ಎಂಟನೇದು."

"ಹೇಗಿತ್ತು?"

ಹುಡುಗಿಗೆ ಸುಳ್ಳು ಹೇಳಲು ಬರುತ್ತಿತ್ತು, ಆದರೆ ಅಂದು ಆಯಾಸವಾಗಿತ್ತು. "ಏಳನೇದು ನಮ್ಮನೆ ನೋಡಿ ಬರೆದ ಹಾಗಿತ್ತು. ಎಂಟನೇದು ಬೇರೆ ಯಾರ ಮನೇದೋ," ಎಂದಳು. "ನಮ್ಮನೇಲಿ ಇರೋದು ಒಂದೇ ಕೋಣೆ ಸರ್. ಅದರಲ್ಲಿ ನಾಲ್ಕು ಜನ. ನಮ್ಮಮ್ಮ ಉಸಿರು ಎಳೆಯೋ ಸದ್ದು ಕೇಳದ ಜಾಗ ಅಂದ್ರೆ ಬೀದಿಗೇ ಬರಬೇಕು. ಮನಸ್ಸು ನಿಲ್ಲೋದು ಕೋಣೆ ಇರೋರಿಗೆ ಮಾತ್ರಾನಾ?"

ಗುಮಾಸ್ತರು ಎಳೆದ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ನಮ್ಮನೇಲೂ ಬೇರೆ ಕೋಣೆ ಇಲ್ಲಮ್ಮ," ಎಂದರು ಕೊನೆಗೆ. "ಮಗ, ಸೊಸೆ, ಮೊಮ್ಮಕ್ಕಳು. ನಾನು ಮಲಗೋದು ನಡುಮನೇಲಿ, ಎಲ್ಲರೂ ದಾಟಿಕೊಂಡು ಓಡಾಡ್ತಾರೆ. ಈ ಪುಸ್ತಕ ಬರೆದಿದ್ದು ಬಸ್ ನಿಲ್ದಾಣದಲ್ಲಿ ಕೂತು."

"ಮತ್ತೆ ಕೋಣೆ ಬೇಕು ಅಂತ?"

"ಬೇಕು ಅನ್ನಿಸಿತ್ತು. ಅದಕ್ಕೇ ಬರೆದೆ. ಒಂದು ಕೋಣೆ ಇದ್ದಿದ್ರೆ ನಾನೂ ಸರಿಹೋಗ್ತಿದ್ದೆನೇನೋ ಅಂತ. ಕಿಟಕಿ ಎಲ್ಲಿರಬೇಕು, ಚಾಪೆ ಯಾವ ಥರದ್ದು, ಎಲ್ಲ ಯೋಚಿಸಿ ಯೋಚಿಸಿ ಬರೀತಾ ಇದ್ದಾಗ ಅಲ್ಲೇ ಕೂತ ಹಾಗೆ ಆಗ್ತಿತ್ತು."

"ಹಾಗಾದ್ರೆ ನಿಮ್ಮ ಮನಸ್ಸು..."

"ನಿಂತಿಲ್ಲ," ಎಂದರು ಗುಮಾಸ್ತರು. ಅವರು ನಗಲು ಹೋದರು, ಆಗಲಿಲ್ಲ. "ಏಳನೇ ಫಾರಂವರೆಗೆ ನನಗೆ ಗೊತ್ತಿದ್ದದ್ದು. ಆಮೇಲಿಂದೆಲ್ಲ ಆಸೆ."

ಅತ್ತ ಕಂಬಕ್ಕೆ ಒರಗಿ ಕಿವಿ ನಿಮಿರಿಸಿ ಕೂತಿದ್ದ ಅತ್ತಿಗೆ, "ಪಾಪ, ನಮ್ಮ ಥರಾನೇ," ಎಂದು ಪಕ್ಕದವಳಿಗೆ ಪಿಸುಗುಟ್ಟಿದ್ದು ಇಲ್ಲಿಗೂ ಕೇಳಿಸಿತು. ಹುಡುಗಿಗೆ ಆ ಮುದುಕರ ಮೇಲೆ ಕನಿಕರ ಬಂತು, ಅದರ ಹಿಂದೆಯೇ ಒಂದು ಬಗೆಯ ಖಾಲಿತನ. ಮುಂದಿನ ಫಾರಂನಲ್ಲಿ ಎಲ್ಲೋ ಒಂದು ಕಡೆ ಬರೆದಿದೆ ಎಂದು ನಂಬಿಕೊಂಡು ಅವಳು ಇಷ್ಟು ವರ್ಷ ಮಡಿಸಿದ್ದಳು. ಬರೆದವರು ಇಲ್ಲಿ ನೆಲದ ಮೇಲೆ ಕೂತು ದಾರ ಎಳೆಯುತ್ತಿದ್ದರು.

ಬಿಚ್ಚಿದ್ದೆಲ್ಲ ಮತ್ತೆ ಜೋಡಣೆಯಾದ ಮೇಲೆ ಮೇಸ್ತ್ರಿ ಅವಳನ್ನು ಕರೆದ. ಅವನು ಕೆಟ್ಟವನಲ್ಲ. ಮಾಲೀಕರ ಹತ್ತಿರ ಬೈಸಿಕೊಂಡು ಬಂದಿದ್ದ, ಅಷ್ಟೇ.

"ನೋಡು, ನಿನ್ನ ಕೈ ಚುರುಕು, ಬಿಡೋಕೆ ನನಗೂ ಮನಸ್ಸಿಲ್ಲ. ಇನ್ಮೇಲೆ ಮೇಜಿನ ಹತ್ರ ಓದಲ್ಲ ಅಂತ ಮಾತು ಕೊಡು, ನಿನ್ನ ಜಾಗದಲ್ಲೇ ಕೂತ್ಕೋ. ಇಲ್ಲ ಅಂದ್ರೆ ಅಂಟಿನ ಕೋಣೆಗೆ ಹೋಗು. ಅಲ್ಲಿ ಓದೋಕೆ ಏನೂ ಇರಲ್ಲ."

"ಕೊಡೇ ಮಾತು," ಎಂದು ಅತ್ತಿಗೆ ಹಿಂದಿನಿಂದ ತಿವಿದಳು. "ಕೊಟ್ಟು ಸುಮ್ಮನಿರು. ಇವರೇನು ನಿನ್ನ ಕಣ್ಣೊಳಗೆ ಬಂದು ನೋಡ್ತಾರಾ?"

ಹುಡುಗಿ ಯೋಚಿಸಿದಳು. ಅಂಟಿನ ಕೋಣೆಯಲ್ಲಿ ದಿನವಿಡೀ ನಿಂತೇ ಇರಬೇಕು. ಕಿಟಕಿ ಇಲ್ಲ. ಅಂಟಿನ ಹುಳಿ ವಾಸನೆ ಕೂದಲಿಗೆ ಹತ್ತಿಕೊಳ್ಳುತ್ತದೆ. ಪುಸ್ತಕಗಳು ಬೆನ್ನು ತೋರಿಸಿಕೊಂಡು ಬರುತ್ತವೆ, ಬೆನ್ನು ತೋರಿಸಿಕೊಂಡು ಹೋಗುತ್ತವೆ. ಸಂಜೆ ಅಮ್ಮನಿಗೆ ಹೇಳಲು ಏನೂ ಇರುವುದಿಲ್ಲ. ಆದರೆ ಅಕ್ಷರ ಕಣ್ಣ ಮುಂದೆ ಇಟ್ಟುಕೊಂಡು ಓದುವುದಿಲ್ಲ ಎಂದು ಹೇಗೆ ಹೇಳುವುದು?

"ಕಣ್ಣು ಬಿಟ್ಟಮೇಲೆ ಓದದೆ ಇರೋಕೆ ನನಗೆ ಬರಲ್ಲ ಮೇಸ್ತ್ರಿ," ಎಂದಳು. "ಮಾತು ಕೊಟ್ಟು ಮತ್ತೆ ಕದ್ದು ಓದ್ತೀನಿ. ದಿನಾ ನನ್ನ ಜೊತೆ ನಾನೇ ಜಗಳ ಆಡಬೇಕಾಗುತ್ತೆ. ಅದು ಬೇಡ. ಅಂಟಿಗೇ ಹೋಗ್ತೀನಿ."

ಮೇಸ್ತ್ರಿಗೆ ಅರ್ಥವಾಗಲಿಲ್ಲ. ತಲೆ ಕೆರೆದುಕೊಂಡು, "ನಿನ್ನಿಷ್ಟ," ಎಂದ.

ಅಂಟಿನ ಕೋಣೆಯಲ್ಲಿ ಮೊದಲ ದಿನ. ಪುಸ್ತಕಗಳನ್ನು ಬೆನ್ನು ಮೇಲೆ ಮಾಡಿ ಸಾಲಾಗಿ ಬಿಗಿದಿರುತ್ತಾರೆ, ಅಗಲವಾದ ಕುಂಚದಿಂದ ಆ ಬೆನ್ನುಗಳ ಮೇಲೆ ಎಳೆಯುತ್ತ ಹೋಗಬೇಕು. ಜೊತೆಗಿದ್ದಾತ ಕಿವುಡ. ಮಾತಿಲ್ಲ, ಅಕ್ಷರವಿಲ್ಲ. ಮೊದಮೊದಲು ನೆನಪಿದ್ದ ಸಾಲುಗಳನ್ನು ಮೆಲುಕು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಅವೂ ಮುಗಿದವು. ಆಮೇಲೆ ಕೇಳಿಸತೊಡಗಿತು.

ಇಷ್ಟು ವರ್ಷ ಪುಟಗಳ ಸದ್ದಿನಲ್ಲಿ ಮುಚ್ಚಿಹೋಗಿದ್ದದ್ದು. ಅದರಲ್ಲಿ ಶಾಂತಿಯೂ ಇರಲಿಲ್ಲ, ಬೆಳಕೂ ಇರಲಿಲ್ಲ. ಕಾಲು ನೋಯುತ್ತಿದೆ. ಅಣ್ಣ ದಿನಾ ಬೂಟು ಬಿಚ್ಚಿ ದಾರಿಯಲ್ಲೇ ಬಿಸಾಡುತ್ತಾನೆ. ಅತ್ತಿಗೆಯ ಸೊಂಟ ನಿಜವಾಗಿ ಅಷ್ಟು ನೋಯುತ್ತದೆಯೇ? ಅಮ್ಮ ಇನ್ನೆಷ್ಟು ದಿನ? ಆ ಕೊನೆಯ ಮಾತು ಬಂದಾಗ ಕುಂಚ ನಿಂತಿತು. ಒಳಗಿನ ಬದುಕು ಎಂದು ಪುಸ್ತಕಗಳು ಹೇಳುತ್ತಿದ್ದದ್ದು ಇದನ್ನೇ ಇರಬೇಕು ಎಂದುಕೊಂಡಳು. ಅದರೊಳಗೆ ಹೋಗುವುದಕ್ಕೆಂದು ತಾನು ಓದುತ್ತಿದ್ದೇನೆ ಎಂದು ತಿಳಿದಿದ್ದಳು. ಓದುತ್ತಿದ್ದದ್ದು ಇದು ಕೇಳಿಸದಿರಲಿ ಎಂದು.

ಕಿವುಡ ಮುದುಕ ಮೊಣಕೈಯಿಂದ ತಟ್ಟಿ ಕುಂಚ ತೋರಿಸಿದ. ಅವಳು ಮತ್ತೆ ಬಳಿಯತೊಡಗಿದಳು.

ಸಂಜೆ ಕಾಲು ತೊಳೆದು ಬಂದಾಗ ತಾಯಿ ದಿಂಬಿಗೆ ಒರಗಿ ಕಾದಿದ್ದಳು.

"ಇವತ್ತು ಏನು ಬಂತೇ?"

"ಏನೂ ಬರಲಿಲ್ಲಮ್ಮ."

"ಕೆಲಸ ಇರಲಿಲ್ವಾ?"

"ಅಂಟಿನ ಕಡೆ ಹಾಕಿದಾರೆ. ಇನ್ಮೇಲೆ ಅಲ್ಲೇ." ಅವಳು ಮಂಚದ ಅಂಚಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಸಿದಳು. ಅಣ್ಣ ಇನ್ನೂ ಬಂದಿರಲಿಲ್ಲ. ಅತ್ತಿಗೆ ಒಲೆಯ ಮುಂದಿದ್ದಳು. "ಅಮ್ಮಾ, ನನಗೆ ಸಾಕಾಗಿದೆ."

"ಗೊತ್ತು."

"ನಿನಗೆ ಗೊತ್ತಿಲ್ಲ. ಒಂದೊಂದು ರಾತ್ರಿ ನೀನು ಕರೆದದ್ದು ಕೇಳಿಸಿದ್ರೂ ಕೇಳಿಸದ ಹಾಗೆ ಮಲಗಿರ್ತೀನಿ."

ಅತ್ತಿಗೆಯ ಕೈಯಲ್ಲಿದ್ದ ಸೌಟಿನ ಸದ್ದು ನಿಂತಿತು.

"ಅದೂ ಗೊತ್ತು," ಎಂದಳು ತಾಯಿ. ಉಸಿರು ಎಳೆದುಕೊಂಡಳು. "ಅದಕ್ಕೇ ಎರಡು ಸಲ ಕರೀತೀನಿ."

ಹೊರಗೆ ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು. ತಾಯಿ ಕೈ ಇಳಿಬಿಟ್ಟು ಮಗಳ ತಲೆ ಮುಟ್ಟಿ, "ಥೂ, ಏನು ಗಬ್ಬು ನಾರುತ್ತೆ ನಿನ್ನ ಕೂದಲು," ಎಂದಳು, ಕೈ ಮಾತ್ರ ತೆಗೆಯಲಿಲ್ಲ. "ನನಗೂ ಸಾಕಾಗಿದೆ ಕಣೇ. ದಿನಾ ಬೇರೆಯವರ ಕಥೆಗೆ ತಮ್ಮನ್ನ ಹುಡುಕೀ ಹುಡುಕೀ."

ತಾಯಿ ಇನ್ನೂ ಏನೋ ಹೇಳುತ್ತಿದ್ದಳು, ತನಗೆ ರಾತ್ರಿ ಹೆದರಿಕೆಯಾಗುವ ವಿಚಾರ, ಹಗಲು ಮನೆ ಖಾಲಿಯಿರುವಾಗ ಗೋಡೆಯ ಜೊತೆ ಜಗಳವಾಡುವ ವಿಚಾರ, ಯಾವತ್ತೂ ಹೇಳಿರದ ಮಾತುಗಳು. ಹುಡುಗಿ ಸ್ವಲ್ಪ ಕೇಳಿದಳು. ಆಮೇಲೆ ತಲೆ ಮಂಚದ ಅಂಚಿಗೆ ವಾಲಿತು. ಊಟಕ್ಕೆ ಎಬ್ಬಿಸಲು ಬಂದ ಅತ್ತಿಗೆಗೆ ತಾಯಿ ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿದಳು.

"ಇವತ್ತು ರಾತ್ರಿ ನಿನ್ನ ಕರೀಲಾ?" ಎಂದು ಪಿಸುದನಿಯಲ್ಲಿ ಕೇಳಿದಳು.

ಅತ್ತಿಗೆ ಸೊಂಟಕ್ಕೆ ಕೈಕೊಟ್ಟು ಒಂದು ಕ್ಷಣ ನಿಂತಳು. ನಾದಿನಿಯ ಕೈಬೆರಳುಗಳ ಸಂದಿಯಲ್ಲಿ ಒಣಗಿದ ಅಂಟನ್ನು ನೋಡಿದಳು.

"ಕರೀರಿ ಅತ್ತೆ," ಎಂದಳು. "ಒಂದೇ ಸಲಕ್ಕೆ ಏಳ್ತೀನಿ ಅಂತ ಮಾತ್ರ ಮಾತು ಕೊಡಲ್ಲ."